ಪಾಠ ತಿಳಿದಿಲ್ಲವೋ, ಪಾಠದ ಭಾಷೆ ತಿಳಿದಿಲ್ಲವೋ?



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಕೊರಗು ಕೇಳಿಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ತೆಗೆದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರುತ್ತಾಳೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ತಿಂಗಳೊಪ್ಪತ್ತಿನಲ್ಲಿ ಮಂಕಾಗುತ್ತಾಳೆ. “ಯಾಕವ್ವಾ, ಕಾಲೇಜು ಹೆಂಗೈತಿ?” ಎಂದು ಅಜ್ಜ ಕೇಳಿದರೆ, “ಏನೂ ತಿಳಿವಲ್ದಜ್ಜಾ, ನಾ ದಡ್ಡಿ ಅನಸ್ತೈತಿ” ಎಂದು ಮುಖ ತಿರುಗಿಸುತ್ತಾಳೆ. ಕೆಲವರು ವಿಜ್ಞಾನ ಬಿಟ್ಟು ಬೇರೆ ವಿಷಯಕ್ಕೆ ಹೋಗುತ್ತಾರೆ. ಇನ್ನು ಕೆಲವರು ಓದನ್ನೇ ಬಿಡುತ್ತಾರೆ.

ಆ ಹುಡುಗಿ ದಡ್ಡಿಯೇ? ಇಲ್ಲ. ಗಿಡದ ಎಲೆ ಬಿಸಿಲಿನಲ್ಲಿ ಆಹಾರ ತಯಾರಿಸುವುದು ಹೇಗೆಂದು ಕನ್ನಡದಲ್ಲಿ ಕೇಳಿ ನೋಡಿ, ನಿಲ್ಲಿಸದೆ ಹೇಳುತ್ತಾಳೆ. ದ್ಯುತಿಸಂಶ್ಲೇಷಣೆ ಅವಳಿಗೆ ಚೆನ್ನಾಗಿ ಗೊತ್ತು. ಅದೇ ಫೋಟೋಸಿಂಥೆಸಿಸ್ ಎಂದು ಹೆಸರು ಬದಲಿಸಿಕೊಂಡು ಬಂದಾಗ ಗುರುತು ಸಿಗುವುದಿಲ್ಲ. ಲಸಾಅ ಬಿಡಿಸುವವಳು ಎಲ್‌ಸಿಎಂ ಎಂದಾಗ ತಬ್ಬಿಬ್ಬಾಗುತ್ತಾಳೆ. ವರ್ಗಮೂಲ ಬಲ್ಲವಳಿಗೆ ಸ್ಕ್ವೇರ್ ರೂಟ್ ಹೊಸ ಲೆಕ್ಕದಂತೆ ಕಾಣುತ್ತದೆ. ಅವಳಿಗೆ ಪಾಠ ಬರುತ್ತದೆ, ಪಾಠದ ಭಾಷೆ ಇನ್ನೂ ಬಂದಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿದರೆ ಒಂದು ಮಗುವಿನ ಬದುಕಿನ ದಾರಿಯೇ ಬದಲಾಗಿಬಿಡಬಹುದು. ಈ ವಾರದ ಮಾತು ಅದರ ಬಗ್ಗೆ.

ಸಮುದ್ರ ದಾಟಿ ಓದಲು ಹೋಗುವವರಿಗೂ ಇದೇ ಕಷ್ಟ ಎದುರಾಗುತ್ತದೆ. ಜಪಾನಿನ ಹುಡುಗ ಅಮೆರಿಕಕ್ಕೆ, ಬ್ರೆಜಿಲ್‌ನ ಹುಡುಗಿ ಇಂಗ್ಲೆಂಡಿಗೆ ಹೋದಾಗ ಅವರೂ ತರಗತಿಯಲ್ಲಿ ಮೊದಮೊದಲು ಮೂಗರಂತೆ ಕೂರುತ್ತಾರೆ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಇದಕ್ಕೊಂದು ವ್ಯವಸ್ಥೆ ಮಾಡಿಕೊಂಡಿವೆ. ಮುಖ್ಯ ಓದು ಶುರುವಾಗುವ ಮೊದಲು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಪರದೇಶದ ವಿದ್ಯಾರ್ಥಿಗಳಿಗಾಗಿಯೇ ಇಂಗ್ಲಿಷ್ ತರಗತಿ ನಡೆಸುತ್ತವೆ. ಕೆಲವು ಕಡೆ ಓದಿನ ಜೊತೆಜೊತೆಗೇ ಅದು ನಡೆಯುತ್ತದೆ.

ಅಲ್ಲಿ ಏನು ಕಲಿಸುತ್ತಾರೆ? ವ್ಯಾಕರಣ ಒಂದಷ್ಟು ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಷ್ಟರು ಒಂದು ಗಂಟೆ ಮಾತಾಡುವಾಗ ಮುಖ್ಯವಾದದ್ದನ್ನು ಹಿಡಿದು ಬರೆದುಕೊಳ್ಳುವುದು, ದಪ್ಪ ಪುಸ್ತಕದಲ್ಲಿ ಬೇಕಾದ ಪುಟವನ್ನು ಹುಡುಕಿ ಓದುವುದು, ಓದಿದ್ದನ್ನು ನಕಲು ಮಾಡದೆ ಸ್ವಂತ ಮಾತಿನಲ್ಲಿ ಬರೆಯುವುದು, ತಿಳಿಯದಿದ್ದರೆ ಕೈಯೆತ್ತಿ ಕೇಳುವುದು, ಬೇರೆಯವರ ಮಾತನ್ನು ಮರ್ಯಾದೆಯಿಂದಲೇ ಒಪ್ಪದಿರುವುದು, ಇವನ್ನೆಲ್ಲ ಅಭ್ಯಾಸ ಮಾಡಿಸುತ್ತಾರೆ. ಬಾಡಿಗೆ ಮನೆ ಕೇಳುವುದು, ಡಾಕ್ಟರಿಗೆ ಹೊಟ್ಟೆನೋವು ಹೇಗಿದೆಯೆಂದು ವಿವರಿಸುವುದು ಕೂಡ ಪಾಠವೇ. ಆ ತರಗತಿಯಲ್ಲಿ ಎಲ್ಲರೂ ತಪ್ಪು ಮಾತಾಡುವವರೇ ಆದ್ದರಿಂದ ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ನಾಚಿಕೆ ಬಿಟ್ಟು ಬಾಯಿ ತೆರೆಯಲು ಇದೇ ದೊಡ್ಡ ಧೈರ್ಯ.

ಈ ವ್ಯವಸ್ಥೆಯ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆ ಇದೆ. 1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಇಂಗ್ಲಿಷ್ ತಾಯ್ನುಡಿಯಲ್ಲದವರಿಗಾಗಿ ಒಂದು ಪರೀಕ್ಷೆ ಶುರುಮಾಡಿತು. ಒಟ್ಟು 12 ಗಂಟೆಗಳ ಪರೀಕ್ಷೆ! ಮೊದಲ ಸಲ ಎಷ್ಟು ಜನ ಬರೆದರು ಗೊತ್ತೇ? ಮೂವರು. ಎಷ್ಟು ಜನ ಪಾಸಾದರು? ಒಬ್ಬರೂ ಇಲ್ಲ. ಪರೀಕ್ಷೆ ಮುಂದುವರಿಯಿತು, ಇಂದಿಗೂ ನಡೆಯುತ್ತಿದೆ. 1941ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ, ಪರದೇಶದವರಿಗೆ ಇಂಗ್ಲಿಷ್ ಕಲಿಸುವುದಕ್ಕೆಂದೇ ಒಂದು ಸಂಸ್ಥೆ ತೆರೆಯಿತು. 1964ರಲ್ಲಿ ಟೋಫೆಲ್, 1989ರಲ್ಲಿ ಐಇಎಲ್‌ಟಿಎಸ್ ಎಂಬ ಪರೀಕ್ಷೆಗಳು ಬಂದವು. ಸಿಂಧನೂರಿನಿಂದ ಹೊರದೇಶಕ್ಕೆ ಹೋಗಬೇಕೆನ್ನುವ ಅಣ್ಣಂದಿರು, ಅಕ್ಕಂದಿರು ಈ ಹೆಸರುಗಳನ್ನು ಹೇಳುವುದನ್ನು ನೀವು ಕೇಳಿರಬಹುದು.

ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಕೆಲಸ ಹೊರದೇಶಗಳಲ್ಲಿ ಮಾತ್ರ ನಡೆಯುತ್ತದೆಂದು ತಿಳಿಯಬೇಡಿ. ನಮ್ಮ ಪಕ್ಕದ ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ಅದೇ 2007ರಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಬೇರೆ ದೇಶಗಳಿಗೆ ತರಬೇತಿಯ ನೆರವು ಕೊಡಲು ಭಾರತ ಸರ್ಕಾರ 1964ರಲ್ಲಿ ಐಟೆಕ್ ಎಂಬ ಯೋಜನೆ ಆರಂಭಿಸಿತ್ತು. ಅದರಡಿಯಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಖಂಡಗಳ ಜನ ಇಲ್ಲಿಗೆ ಬಂದು ಇಂಗ್ಲಿಷ್ ಕಲಿತು ಹೋಗುತ್ತಾರೆ. ನಾವು ಇಂಗ್ಲಿಷ್ ಕಲಿಯಲು ಹೆದರುತ್ತೇವಲ್ಲ, ನಮ್ಮಲ್ಲಿಗೇ ಬಂದು ಅದನ್ನು ಕಲಿಯುವವರೂ ಇದ್ದಾರೆ!

ಹೈದರಾಬಾದ್ ಎಂದೊಡನೆ ಅಜ್ಜ-ಅಜ್ಜಿಯರಿಗೆ ಹಳೆಯ ದಿನ ನೆನಪಾಗಿರಬೇಕು. ರಾಯಚೂರು ಜಿಲ್ಲೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕನ್ನಡ ಪ್ರದೇಶಗಳೆಲ್ಲ ಒಂದಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಓದೂ ಉರ್ದುವಿನಲ್ಲಿ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನ, ವೈದ್ಯಕೀಯ ಎಲ್ಲವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಇಂಗ್ಲಿಷ್ ಒಂದು ಕಡ್ಡಾಯ ವಿಷಯವಾಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಅದರ ಮೇಲೆ ಇಂಗ್ಲಿಷ್. ಲಿಂಗಸುಗೂರಿನ ಹುಡುಗ ತನ್ನ ಊರು ಬಿಟ್ಟು ಕದಲದೆಯೇ ಪರದೇಶದ ವಿದ್ಯಾರ್ಥಿಯಂತೆ ಆಗಿದ್ದ.

ಆ ಕಾಲದ ಗುರುತು ಇವತ್ತಿಗೂ ನಮ್ಮ ನಾಲಿಗೆಯ ಮೇಲಿದೆ. ತಾಲ್ಲೂಕು, ಜಮೀನು, ಅರ್ಜಿ, ದಾಖಲೆ, ವಕೀಲ, ಹಾಜರಿ, ರಜೆ. ಇವೆಲ್ಲ ಪಾರಸಿ, ಅರಬ್ಬಿ ಮೂಲದಿಂದ ನಮ್ಮಲ್ಲಿಗೆ ಬಂದು ನೆಲೆಸಿದ ಮಾತುಗಳು. ಮಕ್ಕಳೇ, ಹಾಜರಿ ಕೂಗಿದಾಗಲೂ ರಜೆ ಸಿಕ್ಕಾಗಲೂ ನೀವು ಬಳಸುವುದು ದೂರದಿಂದ ಬಂದ ಪದವನ್ನೇ. ಅಂದು ಕಷ್ಟಪಟ್ಟು ಕಲಿತ ಮಾತು ಇಂದು ಮನೆಯ ಮಾತಾಗಿದೆ. ಆದರೆ ಅಂದು ಉರ್ದು ಬಾರದೆ ಓದು ಬಿಟ್ಟ ಮಕ್ಕಳೂ ಇದ್ದರು ಎಂಬುದನ್ನು ಮರೆಯಬಾರದು. ಅವರಲ್ಲಿ ಎಷ್ಟು ಜನ ಜಾಣರಿದ್ದರೋ!

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಮಸ್ಕಿಯ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಬಂಡೆಯ ಮೇಲೆ ಸುಮಾರು 2,250 ವರ್ಷಗಳ ಹಿಂದಿನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಅದನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕನ ಹೆಸರೂ ಅದರಲ್ಲಿ ಸಿಕ್ಕಿದ್ದರಿಂದ ಮಸ್ಕಿ ಜಗತ್ತಿಗೆಲ್ಲ ಪರಿಚಯವಾಯಿತು. ಇದನ್ನು ನೀವು ಇತಿಹಾಸದಲ್ಲಿ ಓದಿರುತ್ತೀರಿ. ಆದರೆ ಆ ಶಾಸನ ಯಾವ ಭಾಷೆಯಲ್ಲಿದೆ? ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇಲ್ಲಿನ ಹೊಲ ಉಳುವವರ, ದನ ಕಾಯುವವರ ಮನೆಮಾತು ಅದಾಗಿರಲಿಲ್ಲ. ರಾಜನ ಮಾತನ್ನು ಓದಿ, ಜನರ ಮಾತಿನಲ್ಲಿ ತಿಳಿಸಿ ಹೇಳುವವರು ಬೇಕೇ ಬೇಕಿತ್ತು.

ಅದೇ ಅಶೋಕನ ಇನ್ನೊಂದು ಶಾಸನ 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕಿತು. ಅದು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಆ ಭಾಗದಲ್ಲಿ ಆ ಭಾಷೆ ಬಲ್ಲವರಿದ್ದರು. ಇಷ್ಟು ಭಾಷೆಗಳಲ್ಲಿ ಬರೆಸಬೇಕಾದರೆ ಎರಡು-ಮೂರು ಭಾಷೆ ಕಲಿತ ಜನ ಎಷ್ಟು ಬೇಕಿತ್ತೋ ಯೋಚಿಸಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ ಬರೆದವನ ಹೆಸರು ಚಪಡ. ಅವನು ಕೊನೆಯಲ್ಲಿ ‘ಬರೆದವನು’ ಎಂಬ ಅರ್ಥದ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ, ವಾಯವ್ಯ ಭಾರತದ ಲಿಪಿ. ಎರಡು ಲಿಪಿ ಬಲ್ಲವನು ದಕ್ಷಿಣದ ಬಂಡೆಯ ಮೇಲೆ ತನ್ನ ಕಲಿಕೆಯ ಗುರುತು ಬಿಟ್ಟುಹೋದ.

ಈಗ ಸಿಂಧನೂರಿಗೆ ಬರೋಣ. ತುಂಗಭದ್ರೆಗೆ 1953ರಲ್ಲಿ ಅಣೆಕಟ್ಟು ಪೂರ್ಣವಾಗಿ, ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು ಭತ್ತ ಬೆಳೆದರು. ಅವರು ನೆಲೆಸಿದ ಕಡೆಗಳಿಗೆ ‘ಕ್ಯಾಂಪ್’ ಎಂಬ ಹೆಸರು ನಿಂತಿತು. ಅರ್ಧ ಶತಮಾನದ ಹಿಂದೆ ಇಂದಿನ ಬಾಂಗ್ಲಾದೇಶದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೂ ಸಿಂಧನೂರು ತಾಲ್ಲೂಕಿನಲ್ಲಿ ಸರ್ಕಾರ ನೆಲೆ ಕೊಟ್ಟಿತು. ಆ ಊರುಗಳನ್ನು ಇಂದಿಗೂ ಆರ್‌ಎಚ್ ಕ್ಯಾಂಪ್ ಎಂದು ಕರೆಯುತ್ತಾರೆ. ಮನೆಯಲ್ಲಿ ತೆಲುಗು, ಬಂಗಾಳಿ ಮಾತಾಡುವವರು ಸಂತೆಯಲ್ಲಿ, ಗದ್ದೆಯಲ್ಲಿ, ಬಸ್ಸಿನಲ್ಲಿ ಕನ್ನಡ ಕಲಿತರು. ಅವರಿಗೆ ಯಾರೂ ಭಾಷೆಯ ತರಗತಿ ನಡೆಸಲಿಲ್ಲ. ಹಸಿವು, ವ್ಯಾಪಾರ, ಸ್ನೇಹ ಇವೇ ಮೇಷ್ಟರು.

“ಹಾಗಿದ್ದರೆ ತರಗತಿ ಯಾಕೆ ಬೇಕು? ನಾಲ್ಕು ಜನರಲ್ಲಿ ಬೆರೆತರೆ ಮಾತು ತಾನಾಗಿ ಬರುತ್ತದಲ್ಲ?” ಎಂದು ಕೆಲವು ಹಿರಿಯರು ಕೇಳಬಹುದು. ಒಳ್ಳೆಯ ಪ್ರಶ್ನೆ. ಇದಕ್ಕೆ ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ ಸುಮಾರು 45 ವರ್ಷಗಳ ಹಿಂದೆ ಒಂದು ಉತ್ತರ ಕೊಟ್ಟರು. ಹೊರದೇಶಗಳಿಂದ ಬಂದ ಮಕ್ಕಳನ್ನು ಗಮನಿಸಿ ಅವರು ಹೇಳಿದ್ದಿಷ್ಟು: ಆಟದ ಬಯಲಿನ ಮಾತು ಬೇರೆ, ಪಾಠದ ಮಾತು ಬೇರೆ. ಆಟ, ಅಂಗಡಿ, ಹರಟೆಯ ಮಾತು ಸಾಮಾನ್ಯವಾಗಿ ಎರಡು ವರ್ಷದೊಳಗೆ ಬರುತ್ತದೆ. ಪಾಠ ತಿಳಿದುಕೊಳ್ಳುವ, ಕಾರಣ ಕೊಟ್ಟು ಬರೆಯುವ ಭಾಷೆ ಸಹಪಾಠಿಗಳ ಮಟ್ಟಕ್ಕೆ ಬರಲು ಐದರಿಂದ ಏಳು ವರ್ಷ ಬೇಕಾಗುತ್ತದೆ.

ಸಂತೆಯ ಕನ್ನಡ ಕಲಿತವರು ಭತ್ತ ಮಾರಬಲ್ಲರು. ಬ್ಯಾಂಕಿನ ಸಾಲದ ಪತ್ರವನ್ನು ಓದಿ ಸಹಿ ಹಾಕಬೇಕಾದಾಗ ಬೇರೆಯೇ ಕನ್ನಡ ಬೇಕು. ಹಾಗೆಯೇ ಫೋನಿನಲ್ಲಿ ಇಂಗ್ಲಿಷ್ ಹಾಡು ಕೇಳುವ, “ಹಾಯ್, ಹೌ ಆರ್ ಯೂ” ಎನ್ನುವ ಹುಡುಗನಿಗೆ ಭೌತಶಾಸ್ತ್ರದ ಇಂಗ್ಲಿಷ್ ಬರಬೇಕೆಂದೇನೂ ಇಲ್ಲ. ಫೋರ್ಸ್, ವರ್ಕ್, ಪವರ್ ಎಂಬ ಪದಗಳಿಗೆ ಬೀದಿಯಲ್ಲಿ ಒಂದು ಅರ್ಥ, ಪಾಠದಲ್ಲಿ ಇನ್ನೊಂದು. ತಲೆಯ ಮೇಲೆ ಮೂಟೆ ಹೊತ್ತು ಕದಲದೆ ನಿಂತ ಹಮಾಲನಿಗೆ ಎಷ್ಟು ದಣಿವಾದರೂ, ಭೌತಶಾಸ್ತ್ರದ ಲೆಕ್ಕದಲ್ಲಿ ಅವನು ಆ ಮೂಟೆಯ ಮೇಲೆ ಮಾಡಿದ ವರ್ಕ್ ಸೊನ್ನೆ! ಇಂಥ ಕಡೆ ಕೈಹಿಡಿದು ನಡೆಸುವವರು ಬೇಕು. ಭಾಷೆಯ ತರಗತಿಯ ಬೆಲೆ ಇರುವುದು ಇಲ್ಲೇ. ಐದಾರು ವರ್ಷದ ದಾರಿಯನ್ನು ಅದು ಹಗುರ ಮಾಡುತ್ತದೆ, ಆ ದಾರಿಯಲ್ಲಿ ಮಗು ತನ್ನನ್ನು ತಾನು ದಡ್ಡ ಎಂದುಕೊಳ್ಳದಂತೆ ಕಾಯುತ್ತದೆ.

ಗಾಂಧೀಜಿಯವರಿಗೂ ಇದು ಕಾಡಿತ್ತು. ಹೈಸ್ಕೂಲಿನಲ್ಲಿ ಪಾಠ ಇಂಗ್ಲಿಷಿಗೆ ತಿರುಗಿದಾಗ ರೇಖಾಗಣಿತ ತಮಗೆ ದಿಕ್ಕು ತಪ್ಪಿಸಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1888ರಲ್ಲಿ ಭಾವನಗರದ ಕಾಲೇಜು ಸೇರಿದಾಗ ಅಧ್ಯಾಪಕರ ಉಪನ್ಯಾಸ ತಲೆಗೆ ಹತ್ತಲಿಲ್ಲ. ತಪ್ಪು ಅಧ್ಯಾಪಕರದ್ದಲ್ಲ ಎಂದೂ ಬರೆದಿದ್ದಾರೆ. ಅದೇ ವರ್ಷ ಅವರು ಲಂಡನ್ನಿಗೆ ಹೋದರು. ಪರದೇಶದ ವಿದ್ಯಾರ್ಥಿಗಳಿಗೆ ಭಾಷೆ ಕಲಿಸುವ ಇಂದಿನಂಥ ವ್ಯವಸ್ಥೆ ಅವರಿಗೆ ಸಿಗಲಿಲ್ಲ. ಊರಲ್ಲಿದ್ದಾಗ ಪತ್ರಿಕೆ ಓದಿದವರೇ ಅಲ್ಲ, ಅಲ್ಲಿ ದಿನವೂ ಇಂಗ್ಲಿಷ್ ಪತ್ರಿಕೆಗಳನ್ನು ಓದುವ ಅಭ್ಯಾಸ ಮಾಡಿಕೊಂಡರು. ಲಂಡನ್ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಒಮ್ಮೆ ಲ್ಯಾಟಿನ್ ಭಾಷೆಯಲ್ಲಿ ಫೇಲಾಗಿ, ಮತ್ತೆ ಕೂತು ಪಾಸಾದರು. ಮುಂದೆ ಇಡೀ ಜಗತ್ತು ಅವರ ಇಂಗ್ಲಿಷ್ ಬರಹವನ್ನು ಓದಿತು. ಆತ್ಮಕಥೆಯನ್ನು ಮಾತ್ರ ಅವರು ಬರೆದದ್ದು ತಮ್ಮ ಗುಜರಾತಿಯಲ್ಲಿ. ಹೊಸ ಭಾಷೆ ಕಲಿಯಲು ತಾಯಿಯ ಭಾಷೆಯನ್ನು ಬಿಡಬೇಕಾಗಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಭಾಷೆ ಕಲಿಯಲು ಬೇರೆಯೇ ಸಮಯ ಬೇಕೆಂಬುದನ್ನು ನಮ್ಮ ಸರ್ಕಾರವೂ ಬಲ್ಲದು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾಯಿತು. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ಬಂದು ಕನ್ನಡ, ತಮಿಳು, ತೆಲುಗು, ಮಲಯಾಳಗಳಲ್ಲಿ ಒಂದನ್ನು ಕಲಿಯುತ್ತಾರೆ. ಎಷ್ಟು ದಿನ? 10 ತಿಂಗಳು. ಪಾಠ ಹೇಳಿ ಪಳಗಿದ ಶಿಕ್ಷಕರಿಗೇ ಒಂದು ಭಾಷೆಗೆ 10 ತಿಂಗಳು ಕೊಡುವಾಗ, ಕನ್ನಡ ಶಾಲೆಯಿಂದ ಬಂದ 16ರ ಹುಡುಗಿಗೆ ಒಂದು ತಿಂಗಳೂ ಕೊಡದೆ ದಡ್ಡಿ ಎನ್ನುವುದು ನ್ಯಾಯವೇ? ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸತೊಡಗಿದ್ದು 2007ರಿಂದ. ಆದರೆ ಇಂಗ್ಲಿಷ್ ವಿಷಯದಲ್ಲಿ ಪಾಸಾಗುವುದೂ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರ ಓದುವುದೂ ಒಂದೇ ಅಲ್ಲ. ನಡುವೆ ಒಂದು ಸೇತುವೆ ಬೇಕು. ಹತ್ತನೆಯ ತರಗತಿ ಮುಗಿದು ಪಿಯುಸಿ ಶುರುವಾಗುವ ನಡುವಿನ ರಜೆಯಲ್ಲಿ, ಕಾಲೇಜಿನ ಮೊದಲ ವಾರಗಳಲ್ಲಿ, ಕನ್ನಡ ಪದ ಮತ್ತು ಇಂಗ್ಲಿಷ್ ಪದ ಎರಡನ್ನೂ ಜೊತೆಗಿಟ್ಟು ಕಲಿಸುವ ತರಗತಿ ನಮ್ಮ ತಾಲ್ಲೂಕುಗಳ ಪ್ರತಿ ಕಾಲೇಜಿನಲ್ಲೂ ನಡೆದರೆ ಎಷ್ಟು ಮಕ್ಕಳು ಉಳಿದಾರು! ಪೋಷಕರ ಸಭೆಯಲ್ಲಿ ಇದನ್ನು ಕೇಳಲು ಯಾರೂ ಹಿಂಜರಿಯಬಾರದು.

ಮಕ್ಕಳನ್ನು ಹೊರದೇಶಕ್ಕೆ ಕಳಿಸಬೇಕೆಂದಿರುವ ಮನೆಯವರಿಗೂ ಎರಡು ಮಾತು. ಪರೀಕ್ಷೆಗೆ ತಯಾರಿ ಮಾಡಿಸುವುದು ಬೇರೆ, ಭಾಷೆ ಕಲಿಸುವುದು ಬೇರೆ. “15 ದಿನದಲ್ಲಿ ಇಂಗ್ಲಿಷ್” ಎಂಬ ಬೋರ್ಡು ನೋಡಿ ಹೊಲ ಅಡವಿಡಬೇಡಿ. ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗಗಳಿವೆ. ಕೇಳುವ ಭಾಗದಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಹಾಕುತ್ತಾರೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಸೇರಬೇಕೆಂದಿರುವ ವಿಶ್ವವಿದ್ಯಾಲಯವೇ ಭಾಷಾ ತರಗತಿ ನಡೆಸುತ್ತದೆಯೇ, ಅದಕ್ಕೆ ಶುಲ್ಕ ಬೇರೆಯೇ, ಎಷ್ಟು ವಾರ, ಅದು ಮುಗಿದ ಮೇಲೆ ಮುಖ್ಯ ಓದಿಗೆ ಸೀಟು ಖಚಿತವೇ, ಈ ನಾಲ್ಕು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಹಣದ ಮಾತು.

ಮಸ್ಕಿಯ ಬಂಡೆಯ ಮೇಲಿನ ಮಾತಿಗೆ ಒಂದು ಸಾರವಿದೆ. ದೊಡ್ಡವರಿಗೆ ಮಾತ್ರ ಇದು ಸಿಗುತ್ತದೆ ಎಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಸಿಗುತ್ತದೆ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂದು ಅಶೋಕ ಬರೆಸಿದ. ಅವನು ಹೇಳಿದ್ದು ಧರ್ಮದ ಬಗ್ಗೆ. ವಿದ್ಯೆಗೂ ಅದು ಸಲ್ಲುತ್ತದೆ ಅಲ್ಲವೇ?

ಈ ವಾರದ ಕೆಲಸ: ಮಕ್ಕಳೇ, ನಿಮ್ಮ ವಿಜ್ಞಾನ ಅಥವಾ ಗಣಿತ ಪುಸ್ತಕದಿಂದ ಹತ್ತು ಪದ ಆರಿಸಿ. ಒಂದು ಸಾಲಿನಲ್ಲಿ ಕನ್ನಡ ಪದ, ಪಕ್ಕದಲ್ಲಿ ಇಂಗ್ಲಿಷ್ ಪದ, ಅದರ ಪಕ್ಕದಲ್ಲಿ ನಿಮ್ಮದೇ ಮಾತಿನಲ್ಲಿ ಅರ್ಥ ಬರೆಯಿರಿ. ಅಜ್ಜ ಅಥವಾ ಅಜ್ಜಿಗೆ ಓದಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದೇ ಲೆಕ್ಕ. ಅಜ್ಜ-ಅಜ್ಜಿಯರೇ, ನೀವು ಚಿಕ್ಕವರಿದ್ದಾಗ ಯಾವ ಹೊಸ ಭಾಷೆ ಕಲಿಯಬೇಕಾಯಿತು, ಮೊದಲ ದಿನ ಹೇಗಿತ್ತು, ಅದನ್ನು ಅವರಿಗೆ ಹೇಳಿ. ಮನೆಯಲ್ಲಿ ಪಿಯುಸಿ ಸೇರಿದ ಹುಡುಗ ಹುಡುಗಿ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ.